ಆಫೀಸಿನ ಒಳಗಿನ ಸರ್ವರ್‌ಗಳಿಗೆ ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್: ಆನ್ಸಿಬಲ್‌ನಲ್ಲಿ ಹೇಗೆ ಮಾಡುತ್ತಿದ್ದೀರಿ?

ಪ್ರಶ್ನೆ

ಆಫೀಸಿನ ಒಳಗೇ ಓಡುವ ಸುಮಾರು 40 ಟೆಸ್ಟ್ ಸರ್ವರ್ ಇವೆ. ಎಲ್ಲದಕ್ಕೂ ಎಚ್‌ಟಿಟಿಪಿಎಸ್ ಹಾಕಿ ಅಂದಿದ್ದಾರೆ. ಸೆಲ್ಫ್ ಸೈನ್ಡ್ (ಹೊರಗಿನ ಸಂಸ್ಥೆಯಲ್ಲ, ತನ್ನದೇ ಕೀಯಿಂದ ಸಹಿ ಹಾಕಿಕೊಂಡ) ಸರ್ಟಿಫಿಕೇಟ್ ಮಾಡಲು ಆನ್ಸಿಬಲ್ (ಹಲವು ಸರ್ವರ್ ಒಟ್ಟಿಗೆ ಹೊಂದಿಸುವ ಟೂಲ್) ಪ್ಲೇಬುಕ್‌ನಲ್ಲಿ, ಅಂದರೆ ಅದರ ಕೆಲಸಗಳ ಪಟ್ಟಿಯಲ್ಲಿ, ಓಪನ್‌ಎಸ್‌ಎಸ್‌ಎಲ್ ಕಮಾಂಡ್ ಬರೆದಿದ್ದೇನೆ. ಓಡಿಸಿದಾಗಲೆಲ್ಲ ಹೊಸ ಸರ್ಟಿಫಿಕೇಟ್ ಹುಟ್ಟುತ್ತದೆ, ಬ್ರೌಸರ್ ಮತ್ತೆ ಎಚ್ಚರಿಕೆ ಕೊಡುತ್ತದೆ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1

ಮೊದಲು ಆ ಕಮಾಂಡ್ ತೆಗೆಯಿರಿ ಸರ್. ಫೈಲ್ ಆಗಲೇ ಇದೆಯಾ ಅಂತ ಅದು ತಾನಾಗಿ ನೋಡುವುದಿಲ್ಲ. ‘ಕ್ರಿಯೇಟ್ಸ್’ ಸೇರಿಸಿದರೆ ಫೈಲ್ ಇದ್ದಾಗ ಸುಮ್ಮನಿರುತ್ತದೆ, ಆದರೆ ನಾಳೆ ಸರ್ವರ್ ಹೆಸರು ಬದಲಾದರೂ ಸುಮ್ಮನೇ ಇರುತ್ತದೆ. ಆನ್ಸಿಬಲ್‌ನ ಕಮ್ಯುನಿಟಿ ಕ್ರಿಪ್ಟೋ ಕಲೆಕ್ಷನ್ (ಸರ್ಟಿಫಿಕೇಟ್ ಕೆಲಸದ ಮಾಡ್ಯೂಲ್‌ಗಳ ಕಟ್ಟು) ಹಾಕಿಕೊಳ್ಳಿ. ಮೊದಲು ಪ್ರೈವೇಟ್ ಕೀ, ಆಮೇಲೆ ಸಿಎಸ್‌ಆರ್ (ಸರ್ಟಿಫಿಕೇಟ್‌ಗೆ ಸಹಿ ಕೇಳುವ ಅರ್ಜಿ), ಕೊನೆಗೆ ಎಕ್ಸ್509 ಸರ್ಟಿಫಿಕೇಟ್ ಮಾಡ್ಯೂಲ್. ಕೇಳಿದ್ದು ಬದಲಾಗಿದ್ದರೆ ಮಾತ್ರ ಹೊಸದು ಮಾಡುತ್ತದೆ. ಮಾಡ್ಯೂಲ್ ಓಡುವ ಮಷೀನಿನಲ್ಲಿ ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿ ಇರಬೇಕು. ಹಳೆ ಮಷೀನುಗಳಲ್ಲಿ ಕೆಲಸ ನಿಲ್ಲುವುದು ಇಲ್ಲೇ.

ಇಷ್ಟಕ್ಕೇ ನಿಲ್ಲಿಸಬೇಡಿ. 40 ಸರ್ವರ್‌ಗೆ 40 ಸೆಲ್ಫ್ ಸೈನ್ಡ್ ಅಂದರೆ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ಗೂ 40 ಸರ್ಟಿಫಿಕೇಟ್ ನಂಬಿಸಬೇಕು. ಯಾರು ಮಾಡುತ್ತಾರೆ? ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡಲು ಕರ್ಲ್‌ಗೆ (ವೆಬ್ ವಿಳಾಸ ತೆರೆಯುವ ಕಮಾಂಡ್) ಮೈನಸ್ ಕೆ ಹಾಕುತ್ತಾರೆ, ಪ್ಲೇಬುಕ್‌ನಲ್ಲಿ ವ್ಯಾಲಿಡೇಟ್ ಸರ್ಟ್ಸ್ ಫಾಲ್ಸ್ ಅಂತ ಬರೆಯುತ್ತಾರೆ, ಆ ಸಾಲು ಕಾಪಿ ಆಗುತ್ತಾ ಆಗುತ್ತಾ ಒಂದು ದಿನ ಪ್ರೊಡಕ್ಷನ್‌ಗೂ ಹೋಗುತ್ತದೆ. ನಾನು ಹಿಂದೆ ಇದ್ದ ಒಂದು ಕಡೆ ದುಡ್ಡಿನ ವ್ಯವಹಾರದ ಕೋಡ್‌ನಲ್ಲೇ ಅದು ಕೂತಿತ್ತು. ಎದುರಿಗಿರುವ ಸರ್ವರ್ ಯಾವುದು ಅಂತ ನೋಡದೆ ಎನ್‌ಕ್ರಿಪ್ಟ್ ಮಾಡಿ ಏನು ಪ್ರಯೋಜನ? ನಡುವೆ ಕೂತವನಿಗೇ ಎಲ್ಲ ಕೊಟ್ಟ ಹಾಗೆ.

ಅದಕ್ಕೇ ನಿಮ್ಮದೇ ಸಣ್ಣ ಸಿಎ (ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಸರ್ಟಿಫಿಕೇಟ್ ಅಥಾರಿಟಿ) ಮಾಡಿ, ಲ್ಯಾಪ್‌ಟಾಪ್‌ಗಳು ಅದೊಂದನ್ನು ನಂಬಿದರೆ ಸಾಕು. ಸೆಲ್ಫ್ ಸೈನ್ಡ್ ಆಗಿ ಇರಬೇಕಾದದ್ದು ಅದೊಂದೇ. ಬೇಸಿಕ್ ಕನ್‌ಸ್ಟ್ರೇಂಟ್ಸ್‌ನಲ್ಲಿ ಸಿಎ ಟ್ರೂ ಅಂತ ಹಾಕಿ, ಕ್ರಿಟಿಕಲ್ ಅಂತಲೂ ಗುರುತಿಸಿ. ಅದರ ಕೀಗೆ ಪಾಸ್‌ಫ್ರೇಸ್ ಕೊಟ್ಟು, ಆ ಪಾಸ್‌ಫ್ರೇಸ್ ಆನ್ಸಿಬಲ್ ವಾಲ್ಟ್‌ನಲ್ಲಿ (ಗುಟ್ಟಿನ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡಿ ಇಡುವ ಜಾಗ) ಇಡಿ. ಉಳಿದ 40ಕ್ಕೆ ಮಾಡ್ಯೂಲ್‌ನ ಪ್ರೊವೈಡರ್ (ಯಾರು ಸಹಿ ಹಾಕಬೇಕು ಅನ್ನುವ ಸೆಟ್ಟಿಂಗ್) ಸೆಲ್ಫ್ ಸೈನ್ಡ್ ಬದಲು ಓನ್‌ಸಿಎ, ಅಂದರೆ ಸ್ವಂತ ಸಿಎ. ಕೀ ಮತ್ತು ಸಿಎಸ್‌ಆರ್ ಆಯಾ ಸರ್ವರ್‌ನಲ್ಲೇ ಆಗಲಿ. ಸಹಿ ಮಾತ್ರ ಸಿಎ ಇರುವ ಮಷೀನಿಗೆ ಡೆಲಿಗೇಟ್ ಮಾಡಿ, ಅಂದರೆ ಆ ಹಂತ ಅಲ್ಲಿ ಓಡಲಿ. ಹೀಗೆ ಮಾಡಿದರೆ ಸರ್ವರ್‌ನ ಕೀ ಆ ಮಷೀನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ (ಸರ್ಟಿಫಿಕೇಟ್ ಯಾವ ಯಾವ ಹೆಸರಿಗೆ ಅಂತ ಹೇಳುವ ಪಟ್ಟಿ) ಮರೆಯಲೇಬೇಡಿ. 2017ರ ಕ್ರೋಮ್ 58ರಿಂದ ಹೆಸರು ಬರೆಯುವ ಹಳೆ ಜಾಗವಾದ ಕಾಮನ್ ನೇಮ್ ಅನ್ನು ಆ ಬ್ರೌಸರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐಪಿ ಅಡ್ರೆಸ್ ಟೈಪ್ ಮಾಡಿ ತೆರೆಯುವವರು ಇದ್ದರೆ ಅದನ್ನು ಡಿಎನ್‌ಎಸ್ ಅಂತ ಬರೆದರೆ ಆಗದು, ಐಪಿ ಅಂತಲೇ ಬರೆಯಬೇಕು. ಅವಧಿಯನ್ನೂ ನೋಡಿಕೊಳ್ಳಿ. ಮಾಡ್ಯೂಲ್ ತಾನಾಗಿ ಕೊಡುವುದು 3650 ದಿನ. 2019ರ ಜುಲೈ 1ರ ನಂತರ ಕೊಟ್ಟ ಸರ್ವರ್ ಸರ್ಟಿಫಿಕೇಟ್ 825 ದಿನಕ್ಕಿಂತ ಜಾಸ್ತಿ ಇದ್ದರೆ ಮ್ಯಾಕ್, ಐಫೋನ್ ಒಪ್ಪುವುದಿಲ್ಲ, ನಿಮ್ಮ ಸ್ವಂತ ಸಿಎ ಕೊಟ್ಟಿದ್ದರೂ ಅಷ್ಟೇ. ನಾನು ಒಂದು ವರ್ಷ ಇಡುತ್ತೇನೆ.

ಉತ್ತರ 2

ಮೇಲಿನವರು ಹೇಳಿದ ಸಿಎ ದಾರಿಯೇ ಸರಿ. ಆ ಸಿಎ ಸರ್ಟಿಫಿಕೇಟನ್ನು ಎಲ್ಲ ಮಷೀನುಗಳೂ ನಂಬುವಂತೆ ಹಂಚುವ ಬಗ್ಗೆ ಎರಡು ಮಾತು. ಉಬುಂಟು, ಡೆಬಿಯನ್‌ನಲ್ಲಿ ಫೈಲ್ ಹೆಸರು ಸಿಆರ್‌ಟಿ ಅಂತಲೇ ಮುಗಿಯಬೇಕು, ಪಿಇಎಂ ಅಂತ ಇಟ್ಟರೆ ಅಪ್‌ಡೇಟ್ ಕಮಾಂಡ್ ಅದನ್ನು ತೆಗೆದುಕೊಳ್ಳುವುದಿಲ್ಲ. ರೆಡ್ ಹ್ಯಾಟ್ ಕಡೆ ಫೋಲ್ಡರೂ ಬೇರೆ, ಕಮಾಂಡೂ ಬೇರೆ. ಪ್ಲೇಬುಕ್‌ನಲ್ಲಿ ಓಎಸ್ ನೋಡಿ ಬೇರೆ ಮಾಡಿ.

ಆಮೇಲೆ ಕರ್ಲ್ ಓಡುತ್ತದೆ, ಆ್ಯಪ್ ಮಾತ್ರ ಓಡುವುದಿಲ್ಲ ಅನ್ನುವ ಪರಿಸ್ಥಿತಿ ಬಂದೇ ಬರುತ್ತದೆ. ಬೇರೆಯಾಗಿ ಇಳಿಸಿಕೊಂಡ ಜಾವಾಕ್ಕೆ ತನ್ನದೇ ಕೀಸ್ಟೋರ್ (ನಂಬುವ ಸರ್ಟಿಫಿಕೇಟ್‌ಗಳ ಪಟ್ಟಿ) ಇರುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಸಾಮಾನ್ಯವಾಗಿ ಸರ್ಟಿಫೈ ಪ್ಯಾಕೇಜಿನ ಪಟ್ಟಿ ನೋಡುತ್ತದೆ. ನೋಡ್ ಜೆಎಸ್‌ಗೆ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಹೇಳಬೇಕು. ವೆರಿಫೈ ಆಫ್ ಮಾಡುವ ಆಸೆ ಆಗುವುದೇ ಈ ಹಂತದಲ್ಲಿ. ಅರ್ಧ ದಿನ ಹೋದರೂ ಪರವಾಗಿಲ್ಲ, ಕೂತು ಸರಿ ಮಾಡಿ.

ಉತ್ತರ 3

ಕಂಪನಿಗೆ ಒಂದು ಸಾರ್ವಜನಿಕ ಡೊಮೇನ್ ಇದ್ದೇ ಇರುತ್ತದೆ, ಅಲ್ವಾ? ಅದರ ಕೆಳಗೆ ಒಳಗಿನ ಹೆಸರು ಕೊಟ್ಟು ಲೆಟ್ಸ್ ಎನ್‌ಕ್ರಿಪ್ಟ್‌ನ (ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಸಾರ್ವಜನಿಕ ಸಿಎ) ಡಿಎನ್‌ಎಸ್ ಚಾಲೆಂಜ್, ಅಂದರೆ ಡೊಮೇನ್ ನಿಮ್ಮದೇ ಅಂತ ಡಿಎನ್‌ಎಸ್ ದಾಖಲೆಯಲ್ಲಿ ತೋರಿಸುವ ವಿಧಾನ, ಬಳಸಿದರೆ ಸರ್ವರ್ ಹೊರಗೆ ಕಾಣಿಸಬೇಕಾಗಿಯೇ ಇಲ್ಲ, ಯಾರ ಲ್ಯಾಪ್‌ಟಾಪನ್ನೂ ಮುಟ್ಟಬೇಕಿಲ್ಲ. ಒಂದೇ ಎಚ್ಚರಿಕೆ: ಆ ಹೆಸರುಗಳು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್‌ನಲ್ಲಿ (ಕೊಟ್ಟ ಸರ್ಟಿಫಿಕೇಟ್‌ಗಳ ಸಾರ್ವಜನಿಕ ದಾಖಲೆ) ಎಲ್ಲರಿಗೂ ಕಾಣುತ್ತವೆ. ಬೇಡ ಅಂದರೆ ವೈಲ್ಡ್‌ಕಾರ್ಡ್ (ಒಂದು ಡೊಮೇನ್ ಕೆಳಗಿನ ಹೆಸರುಗಳಿಗೆಲ್ಲ ಒಂದೇ ಸರ್ಟಿಫಿಕೇಟ್) ತಗೊಳ್ಳಿ, ಇಲ್ಲ ಸ್ವಂತ ಸಿಎ. ಸ್ವಂತ ಸಿಎ ಆದರೆ ಹೆಸರಿನ ಕೊನೆಗೆ ‘ಲೋಕಲ್’ ಬೇಡ, ಅದು ಎಂಡಿಎನ್‌ಎಸ್‌ಗೆ (ಡಿಎನ್‌ಎಸ್ ಸರ್ವರ್ ಇಲ್ಲದೆ ಒಂದೇ ನೆಟ್‌ವರ್ಕ್‌ನ ಮಷೀನುಗಳು ಹೆಸರು ಹುಡುಕುವ ವಿಧಾನ) ಮೀಸಲು. ಖಾಸಗಿ ಬಳಕೆಗೆ ಅಂತಲೇ 2024ರಲ್ಲಿ ಐಕ್ಯಾನ್ (ಡೊಮೇನ್ ಹೆಸರುಗಳನ್ನು ನಿರ್ವಹಿಸುವ ಸಂಸ್ಥೆ) ‘ಇಂಟರ್ನಲ್’ ಅನ್ನು ಕಾದಿರಿಸಿದೆ.

ಉತ್ತರ 4

ರಿನ್ಯೂವಲ್ ಬಗ್ಗೆ ಯಾರೂ ಹೇಳಲಿಲ್ಲ. ಎಕ್ಸ್509 ಮಾಡ್ಯೂಲ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ತಾರೀಕನ್ನು ಹೋಲಿಸುವುದಿಲ್ಲ, ಹಾಗಾಗಿ ಪ್ಲೇಬುಕ್ ದಿನಾ ಹಸಿರು ತೋರಿಸುತ್ತಿದ್ದರೂ ಸರ್ಟಿಫಿಕೇಟ್ ಮುಗಿದು ಹೋಗಬಹುದು. ಅದೇ ಕಲೆಕ್ಷನ್‌ನ ಇನ್ಫೋ ಮಾಡ್ಯೂಲ್‌ಗೆ ‘30 ದಿನದ ನಂತರವೂ ನಡೆಯುತ್ತದಾ’ ಅಂತ ಕೇಳಿ. ಇಲ್ಲ ಅಂದರೆ ಫೋರ್ಸ್ ಟ್ರೂ ಕೊಟ್ಟು ಹೊಸದು ಮಾಡಿಸಿ. ಹ್ಯಾಂಡ್ಲರ್‌ನಲ್ಲಿ (ಏನಾದರೂ ಬದಲಾದಾಗ ಮಾತ್ರ ಓಡುವ ಕೆಲಸ) ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನ ರೀಲೋಡ್ ಇರಲಿ. ಫೈಲ್ ಬದಲಾದರೆ ಸಾಲದು, ರೀಲೋಡ್ ಆಗುವವರೆಗೆ ಅದು ಹಳೆಯದನ್ನೇ ಕೊಡುತ್ತಿರುತ್ತದೆ.

ಹೊಸ ವಿಎಂ (ವರ್ಚುವಲ್ ಮಷೀನ್) ಗಡಿಯಾರವನ್ನೂ ಮೊದಲೇ ಎನ್‌ಟಿಪಿಗೆ (ನೆಟ್‌ವರ್ಕ್‌ನಿಂದ ಸರಿ ಸಮಯ ಕೊಡುವ ವ್ಯವಸ್ಥೆ) ಹೊಂದಿಸಿ. ಗಡಿಯಾರ ಹಿಂದಿದ್ದರೆ ಈಗಷ್ಟೇ ಮಾಡಿದ ಸರ್ಟಿಫಿಕೇಟ್ ‘ಇನ್ನೂ ಶುರುವಾಗಿಲ್ಲ’ ಅನ್ನುತ್ತದೆ, ನೀವು ಕೀ, ಸಿಎ ಎಲ್ಲ ಹುಡುಕುತ್ತಾ ಕೂರುತ್ತೀರಿ.