ಅನಲಾಗ್ ಕೇಬಲ್ ನಿಲ್ಲುವ ಮೊದಲು ಮನೆಯ ಹಳೆಯ ಟಿ.ವಿ.ಗಳನ್ನು ಸಿದ್ಧಪಡಿಸುವುದು ಹೇಗೆ? (ಬಳ್ಳಾರಿ, ಕೊಪ್ಪಳ)

ಪ್ರಶ್ನೆ: ಕೌಲ್ ಬಜಾರ್ ನಿವಾಸಿ, ಬಳ್ಳಾರಿ (8 ಜನವರಿ 2017)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮ ಮನೆಗೆ ಕೇಬಲ್ ಹಣ ವಸೂಲಿಗೆ ಬರುವ ಹುಡುಗ ಕಳೆದ ವಾರ ಒಂದು ಅರ್ಜಿಯನ್ನು ಕೊಟ್ಟು, ಜನವರಿ 31 ಕಳೆದ ಮೇಲೆ ಸೆಟ್ ಟಾಪ್ ಬಾಕ್ಸ್ ಇಲ್ಲದ ಟಿ.ವಿ.ಗಳಲ್ಲಿ ಏನೂ ಬರುವುದಿಲ್ಲ ಎಂದು ಹೇಳಿ ಹೋಗಿದ್ದಾನೆ. ನಮ್ಮಲ್ಲಿ ಎರಡು ಟಿ.ವಿ.ಗಳಿವೆ. ಪಡಸಾಲೆಯಲ್ಲಿರುವುದು ಐದು ವರ್ಷದ ಹಿಂದೆ ಕೊಂಡ ಎಲ್‌ಸಿಡಿ. ಒಳಕೋಣೆಯಲ್ಲಿರುವುದು ಪಿಕ್ಚರ್ ಟ್ಯೂಬಿನ 21 ಇಂಚಿನ ಹಳೆಯ ಟಿ.ವಿ. ಒಂದೇ ಕೇಬಲನ್ನು ಸ್ಪ್ಲಿಟರ್ ಹಾಕಿ ಎರಡಕ್ಕೂ ಕೊಟ್ಟಿದ್ದೇವೆ.

ಈ ಬಗ್ಗೆ ವಿಚಾರಿಸಲು ಅಂಗಡಿಯೊಂದಕ್ಕೆ ಹೋದಾಗ, ಪಿಕ್ಚರ್ ಟ್ಯೂಬಿನ ಟಿ.ವಿ.ಗಳು ಡಿಜಿಟಲ್ ಪ್ರಸಾರಕ್ಕೆ ಆಗುವುದೇ ಇಲ್ಲ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವುದೊಂದೇ ದಾರಿ ಎಂದು ಅಲ್ಲಿಯವರು ಹೇಳಿದರು. ಇದು ನಿಜವೇ? ಎರಡು ಟಿ.ವಿ.ಗಳಿಗೆ ಒಂದೇ ಬಾಕ್ಸ್ ಸಾಲುವುದೇ?

ಇವೆರಡಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ನಮ್ಮ ತಾಯಿಯವರ ಟಿ.ವಿ. ಅವರಿಗೆ 74 ವರ್ಷ. ಕೊಪ್ಪಳ ತಾಲ್ಲೂಕಿನ ನಮ್ಮ ಊರಿನಲ್ಲಿ ಒಬ್ಬರೇ ಇರುತ್ತಾರೆ. ಮಾಳಿಗೆಯ ಮೇಲೆ ಕಂಬಕ್ಕೆ ಕಟ್ಟಿದ ಆಂಟೆನಾದಿಂದ 14 ಇಂಚಿನ ಟಿ.ವಿ.ಯಲ್ಲಿ ಸಂಜೆ ದೂರದರ್ಶನ ಚಂದನ ನೋಡುತ್ತಾರೆ. ಅದರ ಹಿಂಭಾಗದಲ್ಲಿ ಹಳದಿ, ಬಿಳಿ ಪಿನ್ನುಗಳ ರಂಧ್ರಗಳಿಲ್ಲ. ಆಂಟೆನಾ ತಂತಿ ಸೇರಿಸುವ ಒಂದೇ ದುಂಡನೆಯ ರಂಧ್ರವಿದೆ. ಮಾರ್ಚ್ ಕೊನೆಗೆ ಹಳ್ಳಿಗಳಲ್ಲೂ ಎಲ್ಲ ನಿಲ್ಲುತ್ತದೆ ಎಂದು ಊರಿನಲ್ಲಿ ಯಾರೋ ಹೇಳಿದ್ದರಿಂದ ಅವರು ಗಾಬರಿಗೊಂಡು ಮೂರು ಸಲ ಫೋನ್ ಮಾಡಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹೊಸಪೇಟೆಯ ಟಿ.ವಿ. ರಿಪೇರಿಗಾರ (8 ಜನವರಿ, ರಾತ್ರಿ)

ಸರ್, ಮೊದಲು ತಾಯಿಯವರ ಗಾಬರಿಯನ್ನು ಕಳೆಯೋಣ. ಈಗ ಬಂದಿರುವ ಗಡುವು ಕೇಬಲ್ಲಿಗೆ ಮಾತ್ರ ಸಂಬಂಧಿಸಿದ್ದು; ಅವರ ಆಂಟೆನಾಕ್ಕೂ ಅದಕ್ಕೂ ಸಂಬಂಧವಿಲ್ಲ. ಕೇಬಲ್ ಟಿ.ವಿ. ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯಂತೆ, ಕೇಬಲನ್ನು ಹಳೆಯ ಅನಲಾಗ್ ಪದ್ಧತಿಯಿಂದ ಡಿಜಿಟಲಿಗೆ ಬದಲಿಸಲು ದೇಶವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. 2012ರಲ್ಲಿ ದೆಹಲಿ, ಮುಂಬೈಗಳಂಥ ಮಹಾನಗರಗಳಿಂದ ಆರಂಭವಾಯಿತು. 2013ರ ಮಾರ್ಚ್ 31ರ ಗಡುವಿನ ಎರಡನೆಯ ಹಂತದಲ್ಲಿ ನಮ್ಮ ಬೆಂಗಳೂರು, ಮೈಸೂರುಗಳಿದ್ದವು. ಉಳಿದ ಎಲ್ಲ ಪಟ್ಟಣಗಳೂ ಮೂರನೆಯ ಹಂತಕ್ಕೆ ಸೇರುತ್ತವೆ. ಅದರ ಗಡುವು 2015ರ ಡಿಸೆಂಬರ್ 31 ಇದ್ದದ್ದು ನ್ಯಾಯಾಲಯಗಳ ತಡೆಯಾಜ್ಞೆಗಳಿಂದ ಜಗ್ಗಾಡಿ ಈಗ ಈ ತಿಂಗಳ 31ಕ್ಕೆ ಬಂದು ನಿಂತಿದೆ. ಹಳ್ಳಿಗಳ ಕೇಬಲ್ ನಾಲ್ಕನೆಯ ಹಂತ. ಅದಕ್ಕೆ ಮಾರ್ಚ್ 31.

ಅಂಗಡಿಯವರು ಹೇಳಿದ ಮಾತು ತಪ್ಪು, ಮತ್ತು ಇಂಥ ಮಾತನ್ನು ನಂಬಿ ಚೆನ್ನಾಗಿರುವ ಟಿ.ವಿ.ಗಳನ್ನು ಜನ ಗುಜರಿಗೆ ಹಾಕುತ್ತಿರುವುದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬದಲಾಗುವುದು ತಂತಿಯಲ್ಲಿ ಬರುವ ಸಿಗ್ನಲ್ಲೇ ಹೊರತು ಟಿ.ವಿ. ಅಲ್ಲ. ಹಳೆಯ ಪದ್ಧತಿಯಲ್ಲಿ ಒಂದು ಚಾನೆಲ್ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಹತ್ತಕ್ಕೂ ಹೆಚ್ಚು ಚಾನೆಲ್‌ಗಳನ್ನು ಅಡಕ ಮಾಡಿ ಕಳಿಸುತ್ತಾರೆ. ಅದನ್ನು ಬಿಡಿಸಿ ಟಿ.ವಿ.ಗೆ ಅರ್ಥವಾಗುವ ಚಿತ್ರ ಮತ್ತು ಧ್ವನಿಯನ್ನಾಗಿ ಮಾಡಿಕೊಡುವ ಕೆಲಸ ಬಾಕ್ಸಿನದು. ಬಾಕ್ಸಿನಿಂದ ಹೊರಬರುವ ಹಳದಿ ಪಿನ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ನಿಮ್ಮ 21 ಇಂಚಿನ ಟಿ.ವಿ.ಯಲ್ಲಿ ಬಿಳಿ ರಂಧ್ರ ಒಂದೇ ಇದ್ದರೆ ಕೆಂಪನ್ನು ಹಾಗೆಯೇ ಬಿಡಿ. ಬಾಕ್ಸಿನ ಮೆನುವಿನಲ್ಲಿ ಟಿ.ವಿ. ಪದ್ಧತಿ ‘ಪಾಲ್’ ಎಂದೂ ಪರದೆಯ ಅಳತೆ 4:3 ಎಂದೂ ಇರಲಿ. ಇದು ತಪ್ಪಿದಾಗ ಬಣ್ಣ ಹೋಗುತ್ತದೆ, ಇಲ್ಲವೆ ಮುಖಗಳು ಉದ್ದಕ್ಕೆ ಎಳೆದಂತೆ ಕಾಣುತ್ತವೆ. ನನ್ನಲ್ಲಿಗೆ ಕೆಟ್ಟಿದೆಯೆಂದು ಹೊತ್ತು ತರುವ ಟಿ.ವಿ.ಗಳಲ್ಲಿ ಎಷ್ಟೋ ಇಷ್ಟರಲ್ಲೇ ಸರಿಹೋಗುತ್ತವೆ. ಪಡಸಾಲೆಯ ಎಲ್‌ಸಿಡಿಗೆ, ಬಾಕ್ಸಿನಲ್ಲಿ ಎಚ್‌ಡಿಎಂಐ ಇದ್ದರೆ ಅದನ್ನೇ ಬಳಸಿ.

ಎರಡು ಟಿ.ವಿ.ಗಳಲ್ಲಿ ಬೇರೆ ಬೇರೆ ಚಾನೆಲ್ ನೋಡಬೇಕಾದರೆ ಎರಡು ಬಾಕ್ಸ್ ಬೇಕೇ ಬೇಕು. ಒಂದೇ ಬಾಕ್ಸಿನಿಂದ ಎರಡಕ್ಕೂ ತಂತಿ ಎಳೆಯಬಹುದು, ಆದರೆ ಪಡಸಾಲೆಯಲ್ಲಿ ಹಾಕಿದ್ದೇ ಒಳಕೋಣೆಯಲ್ಲೂ ಬರುತ್ತದೆ.

ಇನ್ನೊಂದು ಕೆಲಸವನ್ನು ಬಾಕ್ಸ್ ಬರುವ ಮೊದಲೇ ಮಾಡಿಟ್ಟುಕೊಳ್ಳಿ. ಅನಲಾಗಿನಲ್ಲಿ ಸಿಗ್ನಲ್ ಕುಂದಿದರೆ ಚಿತ್ರ ಚುಕ್ಕೆ ಚುಕ್ಕೆಯಾದರೂ ಬರುತ್ತಿತ್ತು, ನಾವು ಸಹಿಸಿಕೊಂಡು ನೋಡುತ್ತಿದ್ದೆವು. ಡಿಜಿಟಲಿನಲ್ಲಿ ಹಾಗಿಲ್ಲ: ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛವಾಗಿರುತ್ತದೆ, ಅದಕ್ಕಿಂತ ಕೆಳಗಿಳಿದ ಕೂಡಲೇ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಆದ್ದರಿಂದ ಮನೆಯೊಳಗಿನ ತಂತಿಯಲ್ಲಿ ತಿರುಚಿ ಟೇಪು ಸುತ್ತಿದ ಜೋಡಣೆಗಳಿದ್ದರೆ ಕತ್ತರಿಸಿ ಸರಿಯಾದ ಕನೆಕ್ಟರ್ ಹಾಕಿಸಿ. ಸ್ಪ್ಲಿಟರ್ ತುಕ್ಕು ಹಿಡಿದಿದ್ದರೆ ಬದಲಿಸಿ.

ಹಣದ ವಿಷಯವಾಗಿ ನನ್ನ ಸಲಹೆ ಇಷ್ಟು. ಬಾಕ್ಸನ್ನು ಪೂರ್ತಿ ಹಣ ಕೊಟ್ಟು ಕೊಂಡುಬಿಡಿ, ತಿಂಗಳ ಬಾಡಿಗೆಯ ತಲೆನೋವು ಬೇಡ. ಅರ್ಜಿಯ ಒಂದು ಪ್ರತಿಯನ್ನೂ ಹಣದ ರಸೀದಿಯನ್ನೂ ಕೇಳಿ ಪಡೆಯಿರಿ. ಈಗ, 2017ರ ಜನವರಿಯಲ್ಲಿ, ಜಾರಿಯಲ್ಲಿರುವ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ 100 ಉಚಿತ ಚಾನೆಲ್‌ಗಳ ಮೂಲ ಪ್ಯಾಕೇಜನ್ನು ತೆರಿಗೆ ಬಿಟ್ಟು ತಿಂಗಳಿಗೆ 100 ರೂಪಾಯಿ ಮೀರದಂತೆ ಕೊಡಬೇಕು. ದೊಡ್ಡ ಪ್ಯಾಕೇಜನ್ನೇ ತೆಗೆದುಕೊಳ್ಳಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಉತ್ತರ 2: ಗಂಗಾವತಿ ಓದುಗ (9 ಜನವರಿ)

ಮೇಲಿನವರ ಮಾತಿಗೆ ಒಂದೇ ಒಂದು ಭಿನ್ನಾಭಿಪ್ರಾಯ. ಒಬ್ಬ ಕೇಬಲ್‌ನವರ ಬಾಕ್ಸ್ ಇನ್ನೊಬ್ಬರಲ್ಲಿ ಕೆಲಸ ಮಾಡುವುದಿಲ್ಲ. ಬಾಡಿಗೆ ಮನೆಯಲ್ಲಿದ್ದು ಬಡಾವಣೆ ಬದಲಿಸುವವರು ಪೂರ್ತಿ ಹಣ ಕೊಟ್ಟು ಕೊಂಡರೆ ಆ ಬಾಕ್ಸ್ ಕಪಾಟು ಸೇರುತ್ತದೆ. ಬಾಡಿಗೆಗೂ ಕಂತಿಗೂ ಕೊಡಬೇಕೆಂದು ನಿಯಮವಿದೆ. ಸ್ವಂತ ಮನೆಯವರಲ್ಲದಿದ್ದರೆ ಬಾಡಿಗೆಯೇ ಲೇಸು.

ತಾಯಿಯವರ ವಿಷಯಕ್ಕೆ ಬರುತ್ತೇನೆ. ದೂರದರ್ಶನವು ಕಳೆದ ವರ್ಷ ಬೆಂಗಳೂರು ಸೇರಿದಂತೆ ಕೆಲವು ದೊಡ್ಡ ನಗರಗಳಲ್ಲಿ ಆಂಟೆನಾ ಮೂಲಕವೇ ಡಿಜಿಟಲ್ ಪ್ರಸಾರವನ್ನು ಆರಂಭಿಸಿದೆ, ಆದರೆ ನಮ್ಮ ಜಿಲ್ಲೆಗಳು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಬೆಂಗಳೂರಿನ ನೆಂಟರ ಮಾತು ಕೇಳಿ ಆ ಬಗೆಯ ಬಾಕ್ಸನ್ನು ಕೊಳ್ಳಬೇಡಿ. ಹಳೆಯ ಅನಲಾಗ್ ಪ್ರಸಾರ ಇಂದಲ್ಲ ನಾಳೆ ಮುಗಿಯುವಂಥದ್ದು. ಅದಕ್ಕಾಗಿ ಕಾಯದೆ ಈಗಲೇ ಡಿಡಿ ಫ್ರೀ ಡಿಶ್ ಹಾಕಿಸಿಬಿಡುವುದು ಒಳ್ಳೆಯದು. ಇದು 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ದೂರದರ್ಶನದ ಉಪಗ್ರಹ ಸೇವೆ. ಡಿಶ್ಶು, ಬಾಕ್ಸು ಮತ್ತು ತಂತಿಗೆ ಒಮ್ಮೆ ಹಣ ಹಾಕಿದರೆ ತಿಂಗಳ ಬಿಲ್ಲು ಇಲ್ಲ. ಖಾಸಗಿ ಕನ್ನಡ ಚಾನೆಲ್‌ಗಳು ಅದರಲ್ಲಿ ಕಡಿಮೆ, ಹಿಂದಿಯವೇ ಹೆಚ್ಚು. ಆದರೆ ಚಂದನ ಬರುತ್ತದೆ, ಅವರಿಗೆ ಬೇಕಾದದ್ದೂ ಅದೇ.

ಡಿಶ್ ಕೂರಿಸುವ ಕೆಲಸವನ್ನು ನಾನು ನಮ್ಮ ಮಾವನವರ ಮನೆಯಲ್ಲಿ ಸ್ವತಃ ಮಾಡಿದ್ದೇನೆ. ಫ್ರೀ ಡಿಶ್ ಪ್ರಸಾರವಾಗುವ ಜಿಸ್ಯಾಟ್ 15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಕೊಪ್ಪಳ, ಬಳ್ಳಾರಿ, ರಾಯಚೂರುಗಳಿಂದ ನೋಡಿದರೆ ಅದು ಹೆಚ್ಚುಕಡಿಮೆ ಆಗ್ನೇಯ ಮೂಲೆಗೆ, ಉತ್ತರದಿಂದ ಬಲಕ್ಕೆ 130ರಿಂದ 134 ಡಿಗ್ರಿಗಳ ನಡುವೆ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ ಇರುತ್ತದೆ. ಆದರೆ ಈ ಸಣ್ಣ ಡಿಶ್‌ಗಳ ರಚನೆಯೇ ಓರೆಯಾಗಿರುವುದರಿಂದ ಅದರ ಮುಖ ಸುಮಾರು 40 ಡಿಗ್ರಿಯಷ್ಟೇ ಮೇಲೆತ್ತಿದಂತೆ ಕಾಣುತ್ತದೆ. ಇದು ತಿಳಿಯದೆ ನಾನು ಅರ್ಧ ದಿನ ಆಕಾಶಕ್ಕೆ ಮುಖ ಮಾಡಿ ತಿರುಗಿಸುತ್ತ ಕುಳಿತಿದ್ದೆ. ಒಬ್ಬರು ಒಳಗೆ ಬಾಕ್ಸಿನ ಸಿಗ್ನಲ್ ಪಟ್ಟಿಯನ್ನು ನೋಡಿ ಕೂಗಬೇಕು, ಇನ್ನೊಬ್ಬರು ಮೇಲೆ ಕೂದಲೆಳೆಯಷ್ಟು ಜರುಗಿಸಿ, ಪ್ರತಿ ಸಲವೂ ಎರಡು ಮೂರು ಕ್ಷಣ ಕಾಯಬೇಕು. ಅವಸರ ಮಾಡಿದರೆ ಸಿಕ್ಕ ಸಿಗ್ನಲ್ಲನ್ನು ದಾಟಿ ಹೋಗಿಬಿಡುತ್ತೇವೆ.

ಮಣ್ಣಿನ ಮಾಳಿಗೆಯಾಗಿದ್ದರೆ ಅದರ ಮೇಲೆ ಮೊಳೆ ಹೊಡೆಸಬೇಡಿ. ಮಳೆಗಾಲದಲ್ಲಿ ಅಲ್ಲಿಂದಲೇ ಸೋರುತ್ತದೆ. ಅಂಗಳದಲ್ಲಿ ಗುಣಿ ತೋಡಿ ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ನೇರವಾಗಿ ನಿಲ್ಲಿಸಿ ಅದಕ್ಕೆ ಕೂರಿಸಿ. ಕೋತಿಗಳು ಜೋತುಬೀಳುವ ನಮ್ಮ ಆನೆಗೊಂದಿ ಕಡೆಯ ಊರುಗಳಲ್ಲಂತೂ ಪೈಪು ಗಟ್ಟಿ ಇದ್ದಷ್ಟೂ ಒಳ್ಳೆಯದು. ಆಗ್ನೇಯಕ್ಕೆ ಮರವಿದೆಯೇ ನೋಡಿಕೊಳ್ಳಿ. ಉಪಗ್ರಹ ಅಷ್ಟು ಎತ್ತರದಲ್ಲಿರುವುದರಿಂದ ಮರವು ಡಿಶ್‌ಗಿಂತ 20 ಅಡಿ ಎತ್ತರವಿದ್ದರೆ ಅದರ ಕೊಂಬೆಗಳ ತುದಿಯಿಂದ 10 ಅಡಿಗಿಂತ ತುಸು ಹೆಚ್ಚು ದೂರವಿದ್ದರೆ ಸಾಕು. ಬೇವಿನ ಎಲೆ ಉದುರಿದ ದಿನಗಳಲ್ಲಿ ಕೂರಿಸಿದವರು ಮೋಸಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಚಿಗುರು ತುಂಬಿಕೊಂಡಾಗ ಸಿಗ್ನಲ್ ಇಳಿಯುತ್ತದೆ.

ತಾಯಿಯವರ ಟಿ.ವಿ.ಗೆ ಪಿನ್ನಿನ ರಂಧ್ರಗಳಿಲ್ಲದಿರುವುದು ದೊಡ್ಡ ತೊಡಕಲ್ಲ. ಆರ್‌ಎಫ್ ಔಟ್ (ಟಿ.ವಿ.ಯ ಆಂಟೆನಾ ರಂಧ್ರಕ್ಕೆ ನೇರವಾಗಿ ತಂತಿ ಕೊಡುವ ವ್ಯವಸ್ಥೆ) ಇರುವ ಬಾಕ್ಸನ್ನೇ ಕೇಳಿ ತನ್ನಿ, ಇಲ್ಲವಾದರೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಚಿಕ್ಕ ಡಬ್ಬಿಯನ್ನು ನಡುವೆ ಹಾಕಿ. ಅದು ಬಾಕ್ಸಿನ ಚಿತ್ರವನ್ನು ಒಂದು ಅನಲಾಗ್ ಚಾನೆಲ್ಲಾಗಿ ಮಾಡಿ ಆಂಟೆನಾ ರಂಧ್ರದ ಮೂಲಕ ಟಿ.ವಿ.ಗೆ ಕಳಿಸುತ್ತದೆ. ಟಿ.ವಿ.ಯ 1ನೆಯ ಸಂಖ್ಯೆಗೆ ಆ ಚಾನೆಲ್ಲನ್ನು ಟ್ಯೂನ್ ಮಾಡಿಟ್ಟರೆ ಮುಗಿಯಿತು.

ಉತ್ತರ 3: ನಿವೃತ್ತ ಶಿಕ್ಷಕ, ರಾಯಚೂರು (10 ಜನವರಿ)

ನಮ್ಮ ಭಾಗದ ಹಳ್ಳಿಗಳಿಗೆ ಉಪಗ್ರಹದ ಟಿ.ವಿ. ಹೊಸದಲ್ಲ ಎಂಬುದನ್ನು ತಾಯಿಯವರಿಗೆ ನೆನಪಿಸಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ಕೋಳಿಗೂಡಿನ ಜಾಲರಿಯಂಥ ತಂತಿಬಲೆಯಿಂದ ಮಾಡಿದ ದೊಡ್ಡ ಡಿಶ್ಶನ್ನು ಶಾಲೆಯ ಬಯಲಿನಲ್ಲಿ ನೋಡಿದ್ದು, ಸಂಜೆ ಊರಿನ ಜನರೆಲ್ಲ ಚಾಪೆ ಹಿಡಿದುಕೊಂಡು ಬಂದು ಕನ್ನಡದ ಕಾರ್ಯಕ್ರಮ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ಟಿ.ವಿ. ಹಚ್ಚಲು, ಆರಿಸಲು ಒಬ್ಬರು ಗೊತ್ತಾಗಿರುತ್ತಿದ್ದರು. ಈಗ ನಿಮ್ಮ ತಾಯಿಯವರು ಒಬ್ಬರೇ ಎರಡು ರಿಮೋಟುಗಳನ್ನು ನಿಭಾಯಿಸಬೇಕು. ನಿಜವಾದ ಸಿದ್ಧತೆ ಅಲ್ಲಿ ಬೇಕು.

ನಮ್ಮ ಅತ್ತೆಯವರ ಮನೆಯಲ್ಲಿ ಹೀಗಾಯಿತು. ಕರೆಂಟು ಹೋಗಿ ಬಂದಾಗಲೆಲ್ಲ ಟಿ.ವಿ. ತಾನಾಗಿ ಎವಿ (ಬಾಕ್ಸಿನ ಪಿನ್ನುಗಳಿಂದ ಬರುವ ಚಿತ್ರ) ಬಿಟ್ಟು ಹಳೆಯ ಚಾನೆಲ್ಲಿಗೆ ಹೋಗುತ್ತಿತ್ತು. ಪರದೆಯ ಮೇಲೆ ಬರೀ ಚುಕ್ಕೆಗಳು. ಅವರು ಟಿ.ವಿ. ಕೆಟ್ಟಿತೆಂದು ಹತ್ತು ದಿನ ಮುಟ್ಟದೆ ಕುಳಿತಿದ್ದರು, ನಮಗೆ ತಿಳಿಸಲೂ ಇಲ್ಲ. ಆಮೇಲೆ ಮೊಮ್ಮಗಳು ಟಿ.ವಿ. ರಿಮೋಟಿನ ಎವಿ ಗುಂಡಿಗೆ ಕೆಂಪು ಉಗುರುಬಣ್ಣ ಹಚ್ಚಿ, ‘ಅಜ್ಜಿ, ಚುಕ್ಕೆ ಬಂದರೆ ಕೆಂಪು ಒತ್ತು’ ಎಂದು ಹೇಳಿಕೊಟ್ಟಳು. ಬಾಕ್ಸಿನ ರಿಮೋಟಿನಲ್ಲಿ ಆರಂಭದ ಗುಂಡಿ, ಧ್ವನಿಯ ಗುಂಡಿಗಳನ್ನು ಬಿಟ್ಟು ಉಳಿದವುಗಳ ಮೇಲೆ ಟೇಪು ಅಂಟಿಸಿದೆವು. ಚಂದನವನ್ನು ಅಚ್ಚುಮೆಚ್ಚಿನ ಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿಸಿಟ್ಟೆವು. ನಿಮ್ಮ ತಾಯಿಯವರ ಟಿ.ವಿ.ಯಲ್ಲಿ ಎವಿ ಇಲ್ಲದಿರುವುದರಿಂದ 1ನೆಯ ಗುಂಡಿಗೇ ಬಣ್ಣ ಹಚ್ಚಿ.

ಕರೆಂಟು ಬಂದ ಮೇಲೆ ಬಾಕ್ಸ್ ಎಚ್ಚರಗೊಳ್ಳಲು ಸ್ವಲ್ಪ ಹೊತ್ತು ಬೇಕು, ಜೋರು ಮಳೆಯಲ್ಲಿ ಚಿತ್ರ ನಿಂತು ತಾನಾಗಿ ಮರಳುತ್ತದೆ, ಗುಡುಗಿದಾಗ ಪ್ಲಗ್ಗನ್ನೂ ಡಿಶ್ ತಂತಿಯನ್ನೂ ತೆಗೆದಿಡಬೇಕು ಎಂಬುದನ್ನು ಎದುರಿಗೆ ಕುಳಿತು ತೋರಿಸಿ. ಫೋನಿನಲ್ಲಿ ಹೇಳಿದರೆ ಸಾಲದು. ಒಂದು ರಾತ್ರಿ ಅಲ್ಲಿಯೇ ಉಳಿದು ಬನ್ನಿ.

ಕೌಲ್ ಬಜಾರ್ ನಿವಾಸಿ (30 ಜನವರಿ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಳ್ಳಾರಿ ಮನೆಗೆ ಎರಡು ಬಾಕ್ಸ್ ಬಂದಿವೆ. ಸ್ವಂತ ಮನೆಯಾದ್ದರಿಂದ ಹಣ ಕೊಟ್ಟೇ ಕೊಂಡು ರಸೀದಿ ಪಡೆದೆ. ಹಳೆಯ 21 ಇಂಚಿನ ಟಿ.ವಿ.ಯಲ್ಲಿ ಮೊದಲ ದಿನ ಚಿತ್ರ ಕಪ್ಪು ಬಿಳುಪಾಗಿ ಬಂತು. ಮೆನುವಿನಲ್ಲಿ ‘ಪಾಲ್’ ಎಂದು ಬದಲಿಸಿದ ಕೂಡಲೇ ಬಣ್ಣ ಮೂಡಿತು. ಒಳಕೋಣೆಯ ತಂತಿಯಲ್ಲಿ ಟೇಪು ಸುತ್ತಿದ ಮೂರು ಜೋಡಣೆಗಳು ಸಿಕ್ಕವು, ಮೂರನ್ನೂ ತೆಗೆಸಿದೆ.

ಶನಿವಾರ ಊರಿಗೆ ಹೋಗಿ ಎರಡು ರಾತ್ರಿ ಉಳಿದು ಫ್ರೀ ಡಿಶ್ ಕೂರಿಸಿ ಬಂದೆ. ಆರ್‌ಎಫ್ ಔಟ್ ಇರುವ ಬಾಕ್ಸ್ ಸಿಗಲಿಲ್ಲ, ಮಾಡ್ಯುಲೇಟರನ್ನು ಹೊಸಪೇಟೆಯಲ್ಲಿ ಕೊಂಡೆ. ಅವ್ವ ಕೆಂಪು ಬಣ್ಣದ ಗುಂಡಿಯನ್ನು ನಾನು ಹೇಳುವ ಮೊದಲೇ ಒತ್ತಿ ತೋರಿಸಿದಳು. ನಮ್ಮ ಅಂಗಳದ ಆಗ್ನೇಯಕ್ಕೆ ಸರಿಯಾಗಿ ದೊಡ್ಡ ಬೇವಿನ ಮರವಿದೆ. ಎರಡು ಕೊಂಬೆ ಕಡಿಸೋಣವೆಂದೆ; ಅಪ್ಪ ಹಚ್ಚಿದ ಮರ, ಕೈ ಮುಟ್ಟಿಸಬೇಡ ಎಂದಳು. ಪೈಪನ್ನು ದನದ ಕೊಟ್ಟಿಗೆಯ ಹಿಂದಿನ ಮೂಲೆಗೆ ಒಯ್ದು ನೆಟ್ಟೆವು, ತಂತಿ ಮಾತ್ರ 8 ಮೀಟರ್ ಹೆಚ್ಚು ಬೇಕಾಯಿತು.