ನಮ್ಮ ಗುಂಪಿನ ಪ್ರಶ್ನೋತ್ತರ: ಸ್ವಂತ ಟೂಲನ್ನು ಸೈಟಿಗೆ ಹಾಕುವ ಮೊದಲು

ಕುಂಜಿಬೆಟ್ಟು, ಡಿಟಿಪಿ: ಮೇಡಂ, ನುಡಿ ಫಾಂಟಿನ ಹಳೇ ಫೈಲುಗಳನ್ನು ಯೂನಿಕೋಡಿಗೆ (ಈಗ ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ಸಂಕೇತ) ತಿರುಗಿಸುವ ಸಣ್ಣ ಟೂಲ್ ಪೈಥಾನಿನಲ್ಲಿ ಮಾಡಿದ್ದೇನೆ. ಪೈಥಾನ್ ಪ್ರೋಗ್ರಾಮನ್ನು ವಿಂಡೋಸಿನಲ್ಲಿ ಓಡುವ ಫೈಲಾಗಿ ಕಟ್ಟುವ ಪೈಇನ್‌ಸ್ಟಾಲರ್‌ನಿಂದ ಒಂದೇ ಇಎಕ್ಸ್‌ಇ ಮಾಡಿ ನನ್ನ ಸೈಟಿಗೆ ಹಾಕಿದೆ. ಇಳಿಸಿಕೊಂಡವರಿಗೆ ವೈರಸ್ ಅಂತ ತೋರಿಸ್ತದೆ. ಸದ್ಯಕ್ಕೆ ಪುಟದಲ್ಲಿ ‘ಆಂಟಿವೈರಸ್ ಆಫ್ ಮಾಡಿ ತೆರೆಯಿರಿ’ ಅಂತ ಬರೆದಿದ್ದೇನೆ. ಇನ್ನೊಂದು, ‘ಸೂರ್ಯ’ ಇದ್ದದ್ದು ‘ಸೂಯರ್’ ಆಗ್ತದೆ. ಎಂತ ಮಾಡುದು?

ಉತ್ತರ: ಆ ಸಾಲನ್ನು ಈಗಲೇ ತೆಗೀರಿ, ಉಳಿದದ್ದು ಆಮೇಲೆ. ನಿಮ್ಮನ್ನು ನಂಬಿ ಆಫ್ ಮಾಡಿದವರು ಮತ್ತೆ ಆನ್ ಮಾಡ್ತಾರೆ ಅಂತ ಖಾತ್ರಿ ಇಲ್ಲ. ಡಿಟಿಪಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಬೇರೆ ಓಡಾಡ್ತಾ ಇರ್ತದೆ.

ತಕರಾರು ಹೆಚ್ಚಾಗಿ ನಿಮ್ಮ ಕೋಡಿನದ್ದಲ್ಲ, ಅದನ್ನು ಕಟ್ಟಿದ ರೀತಿಯದ್ದು. ‘ಒನ್‌ಫೈಲ್’ ಇಎಕ್ಸ್‌ಇ ಪ್ರತಿ ಸಲ ತನ್ನೊಳಗಿನದ್ದನ್ನೆಲ್ಲ ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿ ಅಲ್ಲಿಂದ ಓಡ್ತದೆ. ಮಾಲ್‌ವೇರ್ ಬರೆಯುವವರೂ ಇದೇ ಪೈಇನ್‌ಸ್ಟಾಲರ್ ಬಳಸುವುದರಿಂದ ಅದರ ಗುರುತೇ ಸಂಶಯಕ್ಕೆ ಕಾರಣ. ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಬಿಚ್ಚಿಯೇ ಇಡುವ ‘ಒನ್‌ಡೈರ್’ ಆಯ್ಕೆಯಲ್ಲಿ ಕಟ್ಟಿ, ಫೈಲುಗಳನ್ನು ಕುಗ್ಗಿಸದಂತೆ ‘ನೋಯುಪಿಎಕ್ಸ್’ ಕೊಡಿ, ಇಡೀ ಫೋಲ್ಡರನ್ನು ಜಿಪ್ ಮಾಡಿ ಹಾಕಿ. ಆಮೇಲೂ ಹಿಡಿದರೆ ಮೈಕ್ರೋಸಾಫ್ಟಿನ ಫೈಲ್ ಪರಿಶೀಲನೆ ಪುಟಕ್ಕೆ ಕಳಿಸಿ. ‘ವಿಂಡೋಸ್ ನಿಮ್ಮ ಪಿಸಿಯನ್ನು ರಕ್ಷಿಸಿದೆ’ ಎಂಬ ನೀಲಿ ಪೆಟ್ಟಿಗೆ ಬೇರೆ ವಿಷಯ. ಅದು ಇಳಿಸಿದ ಫೈಲುಗಳನ್ನು ತಪಾಸಿಸುವ ಸ್ಮಾರ್ಟ್‌ಸ್ಕ್ರೀನ್. ಫೈಲ್ ಹೊಸತು, ತಯಾರಕರ ಡಿಜಿಟಲ್ ಸಹಿ ಇಲ್ಲ ಅಂತ ಹೆಚ್ಚಾಗಿ ಅದರ ಅರ್ಥ. ಸಹಿಯ ಸರ್ಟಿಫಿಕೇಟಿಗೆ ಪ್ರತಿ ವರ್ಷ ದುಡ್ಡು, 2023ರ ಜೂನ್‌ನಿಂದ ಸಹಿ ಹಾಕುವ ಕೀಲಿಯನ್ನು ಹಾರ್ಡ್‌ವೇರ್ ಟೋಕನ್ನಿನಂಥದ್ದರಲ್ಲೇ ಇಡಬೇಕೆಂಬ ನಿಯಮವೂ ಉಂಟು. ಸಣ್ಣ ಟೂಲಿಗೆ ಅಷ್ಟು ಬೇಡ.

ನಿಜವಾಗಿ ನಿಮಗೆ ಇಎಕ್ಸ್‌ಇಯೇ ಬೇಡ. ಅಕ್ಷರ ಒಳಗೆ, ಅಕ್ಷರ ಹೊರಗೆ, ಅಷ್ಟೇ ಕೆಲಸ. ಒಂದೇ ಎಚ್‌ಟಿಎಂಎಲ್ ಪುಟದಲ್ಲಿ ಜಾವಾಸ್ಕ್ರಿಪ್ಟಿನಿಂದ ಆಗ್ತದೆ. ಬ್ರೌಸರಿನೊಳಗೇ ನಡೆಯುವುದರಿಂದ ಗಿರಾಕಿಯ ದಾಖಲೆ ಯಾವ ಸರ್ವರಿಗೂ ಹೋಗುವುದಿಲ್ಲ. ಪುಟ ತೆರೆದ ಮೇಲೆ ನೆಟ್ ತೆಗೆದು ಯಾರು ಬೇಕಾದರೂ ಪರೀಕ್ಷಿಸಬಹುದು.

ಇನ್ನು ‘ಸೂಯರ್’. ನುಡಿಯ ಹಳೇ ಎನ್‌ಕೋಡಿಂಗ್ (ಅಕ್ಷರ ಸಂಕೇತ) ಕಣ್ಣಿಗೆ ಕಾಣುವ ಕ್ರಮದ್ದು: ಮೊದಲು ಅಕ್ಷರ, ನಂತರ ಅರ್ಕಾವತ್ತು. ಯೂನಿಕೋಡಿಗೆ ಉಚ್ಚಾರದ ಕ್ರಮ: ರ, ಹಲಂತ, ಆಮೇಲೆ ಯ. ನಿಮ್ಮದು ಬರೀ ಹುಡುಕಿ ಬದಲಿಸುವ ಪಟ್ಟಿ, ಅದಕ್ಕೇ ಹೀಗೆ. ಅರ್ಕಾವತ್ತು ಸಿಕ್ಕಿದಲ್ಲಿ ಹಿಂದಕ್ಕೆ ಹೋಗಿ ಇಡೀ ಅಕ್ಷರಕ್ಕಿಂತ ಮೊದಲು ‘ರ್’ ಕೂರಿಸಬೇಕು. ಒಂದೇ ಕೋಡ್‌ಪಾಯಿಂಟ್ (ಒಂದು ಚಿಹ್ನೆಯ ಸಂಕೇತ) ಹಿಂದೆ ಹೋದರೆ ‘ಸೂರ್ಯ’ ಸರಿಯಾಗ್ತದೆ, ‘ಕೀರ್ತಿ’ ಕೆಡ್ತದೆ, ಯಾಕೆಂದರೆ ಅಲ್ಲಿ ಗುಡಿಸು ಅಡ್ಡ ಬರ್ತದೆ. ‘ಅರ್ಘ್ಯ’ದಲ್ಲಿ ಒತ್ತಕ್ಷರವನ್ನೂ ದಾಟಬೇಕು. ಈ ಮೂರು ಪದ ನಿಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಇರಲೇಬೇಕು. ವರ್ಡ್ ಫೈಲಿನ ನಡುವೆ ಇಂಗ್ಲಿಷ್ ಇದ್ದರೆ ಅದೂ ಕನ್ನಡದ ಕಸವಾಗ್ತದೆ. ಪ್ರತಿ ತುಂಡಿನ ಫಾಂಟ್ ಹೆಸರು ನೋಡಿ, ನುಡಿಯದ್ದನ್ನು ಮಾತ್ರ ತಿರುಗಿಸಿ.

ಮಲ್ಪೆ: ನನ್ನ ಟೂಲಿಗೂ ನೀಲಿ ಪೆಟ್ಟಿಗೆ ಬರ್ತದೆ. ಪರಿಹಾರ?

ಉತ್ತರ: ಮೇಲೆ ಉಂಟು.

ಕಾಪು: ಫಾರ್ವರ್ಡ್ ಬಂದದ್ದು: ‘ಈ ಬ್ಯಾಚ್ ಫೈಲ್ ಓಡಿಸಿದರೆ ಪ್ರಿಫೆಚ್ ಖಾಲಿ, ಅಪ್‌ಡೇಟ್ ಬಂದ್, ಕಂಪ್ಯೂಟರ್ ಹತ್ತು ಪಟ್ಟು ಸ್ಪೀಡ್.’ ಸೈಟಿಗೆ ಹಾಕಬಹುದಾ?

ಉತ್ತರ: ಬೇಡ. ಪ್ರಿಫೆಚ್ ಅಂದರೆ ಪ್ರೋಗ್ರಾಮುಗಳು ಬೇಗ ತೆರೆಯಲು ವಿಂಡೋಸ್ ಇಟ್ಟುಕೊಳ್ಳುವ ಟಿಪ್ಪಣಿ. ಅದನ್ನು ಅಳಿಸಿದರೆ ಪ್ರೋಗ್ರಾಮುಗಳು ಮುಂದಿನ ಸಲ ನಿಧಾನವಾಗಿಯೇ ತೆರೀತವೆ, ವಿಂಡೋಸ್ ಅದನ್ನು ಮತ್ತೆ ಕಟ್ಟಬೇಕು. ಅಪ್‌ಡೇಟ್ ನಿಲ್ಲಿಸಿದರೆ ಭದ್ರತೆಯ ತೇಪೆಗಳೂ ನಿಲ್ತವೆ. ಪ್ರತಿ ಸಾಲು ಏನು ಮಾಡ್ತದೆ ಅಂತ ಹೇಳಲು ಬಾರದ ಫೈಲನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗ್‌ಗಳ ಸಂಗ್ರಹ) ಟ್ವೀಕ್ ಹಾಕುವವರು ಹಳೇ ಸ್ಥಿತಿಗೆ ತರುವ ಇನ್ನೊಂದು ಫೈಲನ್ನೂ ಜೊತೆಗೇ ಇಡಿ.

ಸುರತ್ಕಲ್: ಕುಂಜಿಬೆಟ್ಟಿನವರು ಸೋರ್ಸ್ ಕೋಡ್ ಕೂಡ ಹಾಕಲಿ. ಆಗ ಸಂಶಯವೇ ಬರುವುದಿಲ್ಲ.

ಕದ್ರಿ: ಹಾಕಿದರೆ ನಾಳೆ ಇನ್ನೊಬ್ಬ ತನ್ನ ಹೆಸರಲ್ಲಿ ಮಾರ್ತಾನೆ.

ಸುರತ್ಕಲ್: ಜಿಪಿಎಲ್ ಲೈಸೆನ್ಸ್ ಹಾಕಿ ಮಾರಾಯ್ರೆ. ಮಾರಿದರೂ ಕೋಡ್ ಕೊಡಬೇಕು, ಹೆಸರೂ ಉಳೀತದೆ.

ಕದ್ರಿ: ಕೊಡದಿದ್ದರೆ ಕೋರ್ಟಿಗೆ ನೀವು ಬರ್ತೀರಾ? ಕೆಲಸ ಮಾಡಿದವರಿಗೆ ಗೊತ್ತು ಅದರ ಬೆಲೆ.

ಸುರತ್ಕಲ್: ನಾವೆಲ್ಲ ಕೆಲಸ ಮಾಡದವರಾ? ಮಾತು ನೋಡಿ ಆಡಿ.

ಮಣಿಪಾಲ, ವಿದ್ಯಾರ್ಥಿ: ಲೈಸೆನ್ಸ್ ಹಾಕದಿದ್ದರೆ ಯಾರೂ ಬಳಸಬಹುದು ಅಂತ ಅಲ್ವಾ?

ಉತ್ತರ: ತದ್ವಿರುದ್ಧ. ಕೃತಿಸ್ವಾಮ್ಯ ಕಾಯ್ದೆ 1957ರಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕ. ಲೈಸೆನ್ಸ್ ಇಲ್ಲದಿದ್ದರೆ ಹಕ್ಕೆಲ್ಲ ಬರೆದವರದ್ದೇ. ಕದ್ರಿ, ಸುರತ್ಕಲ್, ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಹಂಪನಕಟ್ಟೆ: ನನ್ನ ಟೂಲಿನ ಸಿಎಸ್‌ವಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಚಿತ್ರವಿಚಿತ್ರ.

ಉತ್ತರ: ಪೈಥಾನ್ ಆದರೆ ಫೈಲ್ ಬರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಕೊಡಿ, ಇದು ಯೂನಿಕೋಡ್ ಅಂತ ಎಕ್ಸೆಲ್‌ಗೆ ಗೊತ್ತಾಗ್ತದೆ.

ಕಾಪು: ಆ ಬ್ಯಾಚ್ ಫೈಲ್ ನನ್ನ ಕಂಪ್ಯೂಟರಿನಲ್ಲಿ ಸರಿ ಓಡಿದೆ, ಮೇಡಂ ಸುಮ್ಮನೆ ಹೆದರಿಸ್ತಾರೆ.

ಉತ್ತರ: ಹಾಗಾದರೆ ಅಪ್‌ಡೇಟ್ ಸೇವೆ ಈಗ ಯಾವ ಸ್ಥಿತಿಯಲ್ಲಿ ಉಂಟು ಅಂತ ನೋಡಿ ಬರೀರಿ. ಅದಿಲ್ಲದೆ ಉತ್ತರ ಕೊಡುವುದಿಲ್ಲ.

ಕುಂಜಿಬೆಟ್ಟು, ಡಿಟಿಪಿ: ಸಾಲು ತೆಗೆದೆ. ಜಿಪ್‌ನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಗುರುತು ಸಂಖ್ಯೆ) ಪುಟದಲ್ಲಿ ಹಾಕಿದರೆ ಸಾಕಾ?

ಉತ್ತರ: ಇಳಿಸುವಾಗ ಫೈಲ್ ಕೆಟ್ಟಿದ್ದರೆ ಅದರಲ್ಲಿ ಗೊತ್ತಾಗ್ತದೆ. ಸೈಟಿಗೇ ನುಗ್ಗಿದವರು ಫೈಲನ್ನೂ ಬದಲಿಸ್ತಾರೆ, ಮೊತ್ತವನ್ನೂ ಬದಲಿಸ್ತಾರೆ. ಅದೇ ಮೊತ್ತವನ್ನು ಈ ಗುಂಪಿನಲ್ಲೂ ಹಾಕಿ, ಎರಡು ಕಡೆ ತಾಳೆ ನೋಡಲಿ.