ಸಹಾಯ ಬೇಕು: ಡಿ ಅಂಡ್ ಡಿ (ದಾಳ ಉರುಳಿಸಿ ಆಡೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ) ಆಟದಲ್ಲಿ ನನ್ನ ಐದನೇ ಲೆವೆಲ್ ರೋಗ್‌ಗೆ (ಕದ್ದುಮುಚ್ಚಿ ದಾಳಿ ಮಾಡೋ ಪಾತ್ರ) ಡ್ಯಾಂಪಿರ್ (ಅರ್ಧ ರಕ್ತಪಿಶಾಚಿ) ಕುಲ ಸರಿಯೋ, ರೀಬಾರ್ನ್ (ಸತ್ತು ಮತ್ತೆ ಎದ್ದವರು) ಸರಿಯೋ?

2014ರ ನಿಯಮ, ಫ್ಯಾಂಟಮ್ ರೋಗ್ (ಸಾವಿನ ಶಕ್ತಿ ಬಳಸೋ ಸಬ್‌ಕ್ಲಾಸ್, ಅಂದರೆ ರೋಗ್‌ನ ಒಳಬಗೆ), ಡೆಕ್ಸ್ (ಚುರುಕುತನ) 18, ಕಾನ್ (ದೇಹದಾರ್ಢ್ಯ) 14. ಶತ್ರುಗಳಲ್ಲಿ ಅರ್ಧದಷ್ಟು ಅನ್‌ಡೆಡ್‌ಗಳೇ (ಸತ್ತೂ ಓಡಾಡುವ ಜೀವಿಗಳು).

ಡ್ಯಾಂಪಿರ್‌ಗೆ 35 ಅಡಿ ವೇಗ, ಗೋಡೆ ಹತ್ತುವ ಶಕ್ತಿ. ಮೂರನೇ ಲೆವೆಲ್‌ನಿಂದ ಕೈ ಬಿಟ್ಟೇ ಚಾವಣಿಯಲ್ಲೂ ನಡೆಯಬಹುದು, ಅಂದರೆ ಅಲ್ಲಿಂದಲೇ ಬಾಣ ಬಿಡಬಹುದು. ನನಗೆ ಆಸೆ ಹುಟ್ಟಿಸಿರೋದು ಇದೇ. ಕಚ್ಚೋದು ಮಾತ್ರ ಬರೀ ಶೋಕಿ ಅನ್ನಿಸ್ತಿದೆ: 1ಡಿ4+2 (ನಾಲ್ಕು ಮುಖದ ಒಂದು ದಾಳ, ಜೊತೆಗೆ 2) ಪೆಟ್ಟು, ದಾಳಿಯ ದಾಳಕ್ಕೆ +5 (ರೇಪಿಯರ್ ಕತ್ತಿಗೆ +7). ಹಲ್ಲು ಫಿನೆಸ್ (ಡೆಕ್ಸ್ ಬಳಸಿ ಬೀಸಬಹುದಾದ) ಆಯುಧವಲ್ಲ, ಹಾಗಾಗಿ 3ಡಿ6 ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಪೆಟ್ಟು) ಪೂರ್ತಿ ಖೋತಾ. ಕಚ್ಚಿ ಚೇತರಿಸಿಕೊಳ್ಳೋದು ದಿನಕ್ಕೆ ಮೂರೇ ಸಲ, ಸರಾಸರಿ ನಾಲ್ಕೂವರೆ ಎಚ್‌ಪಿ (ಜೀವಾಂಕ). ಅನ್‌ಡೆಡ್, ಕನ್‌ಸ್ಟ್ರಕ್ಟ್‌ಗಳನ್ನು (ಮಾಂತ್ರಿಕ ಯಂತ್ರಜೀವಿ) ಕಚ್ಚಿದರೆ ಅದೂ ಇಲ್ಲ.

ರೀಬಾರ್ನ್‌ಗೆ ಡೆತ್ ಸೇವ್‌ನಲ್ಲಿ (ಸಾಯುವ ಹಂತದಲ್ಲಿ ಉಳಿಯಲು ಉರುಳಿಸೋ ದಾಳ) ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಒಳ್ಳೇದು ಆರಿಸೋದು), ವಿಷಕ್ಕೆ ರೆಸಿಸ್ಟೆನ್ಸ್ (ಅರ್ಧ ಪೆಟ್ಟು), ಸ್ಕಿಲ್ ಚೆಕ್‌ಗೆ (ಕೌಶಲದ ಪರೀಕ್ಷೆ) ದಿನಕ್ಕೆ ಮೂರು ಸಲ ಹೆಚ್ಚುವರಿ ಡಿ6. ನಿದ್ದೆ ಬೇಡ, ನಾಲ್ಕು ಗಂಟೆಯಲ್ಲಿ ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ) ಮುಗಿಯುತ್ತೆ. ಆದ್ರೆ ಚಾವಣಿ ಇಲ್ಲವಲ್ಲ!

ಇನ್ನೊಂದು ತಲೆನೋವು: ಫ್ಯಾಂಟಮ್‌ನ ವೇಲ್ಸ್ ಶಕ್ತಿ (ಸ್ನೀಕ್ ಅಟ್ಯಾಕ್ ಜೊತೆ ಬರೋದು) ಎರಡನೇ ಗುರಿಗೆ ಕೊಡೋ 2ಡಿ6 ನೆಕ್ರೋಟಿಕ್ (ಜೀವ ಹೀರೋ ಬಗೆಯ) ಪೆಟ್ಟು. ಘೋಸ್ಟ್ (ದೆವ್ವ) ಥರದ ಅನ್‌ಡೆಡ್‌ಗೆ ಅದು ತಾಕೋದೇ ಇಲ್ಲ.

ಎರಡೂ ಕುಲಗಳನ್ನು ಆಡಿಸಿರುವ ಡಿಎಂಗಳು (ಆಟ ನಡೆಸುವವರು) ಹೇಳಿ: ಚಾವಣಿಯ ಲಾಭ ತಗ್ಗು ಸುರಂಗಗಳಲ್ಲೂ ಉಳಿಯುತ್ತಾ? ಅನ್‌ಡೆಡ್ ಇಷ್ಟಿರುವಾಗ ಫ್ಯಾಂಟಮ್ ಬಿಟ್ಟು ಬೇರೆ ಸಬ್‌ಕ್ಲಾಸ್ ಹಿಡಿಯಲಾ?